ಅರ್ಧ ಅಮೆರಿಕ ಬೇಡ ಅಂದಿತ್ತು, ಆದರೂ ಟೀ ಪಾರ್ಟಿಗೆ ರಿಪಬ್ಲಿಕನ್ನರು ಹೆದರಿದ್ದು ಯಾಕೆ?

ಹಾಸನದ ಮೇಷ್ಟ್ರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವಾರ ಜನಾಭಿಪ್ರಾಯದ ಪಾಠಕ್ಕೆ ಅಮೆರಿಕದ ಟೀ ಪಾರ್ಟಿಯ ಉದಾಹರಣೆ ತೆಗೆದುಕೊಂಡೆ. ಗೊತ್ತಿಲ್ಲದವರಿಗೆ ಒಂದು ಮಾತು: ಹೆಸರಲ್ಲಿ ಪಾರ್ಟಿ ಇದ್ದರೂ ಅದು ಬೇರೆ ಪಕ್ಷ ಅಲ್ಲ, 2009ರಲ್ಲಿ ಶುರುವಾಗಿ ರಿಪಬ್ಲಿಕನ್ ಪಕ್ಷದ ಒಳಗೇ ಬೆಳೆದ ಚಳವಳಿ. ತೆರಿಗೆ ಇಳಿಸಿ, ಸರ್ಕಾರದ ಖರ್ಚು ಇಳಿಸಿ, ಯಾರ ಜೊತೆಗೂ ರಾಜಿ ಬೇಡ ಅನ್ನುವ ಕಟ್ಟಾ ನಿಲುವು ಅವರದು. 1773ರಲ್ಲಿ ಬೋಸ್ಟನ್ ಬಂದರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಟೀ ಪೆಟ್ಟಿಗೆಗಳನ್ನು ನೀರಿಗೆ ಎಸೆದರಲ್ಲ, ಹೆಸರು ಅಲ್ಲಿಂದ ಬಂದದ್ದು.

2013ರ ಅಕ್ಟೋಬರ್‌ನಲ್ಲಿ ಪ್ಯೂ ಸಂಸ್ಥೆ ಮಾಡಿದ ಸಮೀಕ್ಷೆಯನ್ನು ಬೋರ್ಡ್ ಮೇಲೆ ಬರೆದೆ. ಟೀ ಪಾರ್ಟಿ ಇಷ್ಟ ಇಲ್ಲ ಅಂದವರು ಶೇ. 49, ಇಷ್ಟ ಅಂದವರು ಶೇ. 30. ಆಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಅರ್ಧ ದೇಶ ಬೇಡ ಅಂದ ಮೇಲೆ ಪಕ್ಷದ ದೊಡ್ಡವರು ಅವರನ್ನು ದೂರ ಇಡಬೇಕಿತ್ತು ಅಲ್ವಾ, ಮತ್ತೆ ಅವರಿಗೇ ಹೆದರಿಕೊಂಡು ಕೂತಿದ್ದು ಯಾಕೆ?" ನಾನು ಏನೋ ಒಂದು ಉತ್ತರ ಹೇಳಿದೆ. ಆದರೆ ಅದು ನನಗೇ ಸಮಾಧಾನ ತರಲಿಲ್ಲ. ಅಲ್ಲೇ ಇದ್ದು ಕಂಡವರು, ಸಮೀಕ್ಷೆ ಗೊತ್ತಿರುವವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ. ಸೋಮವಾರ ಅವಳಿಗೆ ಸರಿಯಾದ ಉತ್ತರ ಕೊಡಬೇಕು.

---

ಮೈಸೂರು ಟು ರಿಚ್ಮಂಡ್:

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಉತ್ತರ ನಮ್ಮ ಊರಿನಲ್ಲೇ ಸಿಕ್ಕಿತ್ತು. ನಾವು 2011ರಿಂದ ವರ್ಜೀನಿಯಾದ ರಿಚ್ಮಂಡ್ ಹತ್ತಿರ ಇದ್ದೇವೆ. ಇಲ್ಲಿನ ಸಂಸದ ಆಗ ರಿಪಬ್ಲಿಕನ್ ಪಕ್ಷದ ಎರಿಕ್ ಕ್ಯಾಂಟರ್. ಸಾಮಾನ್ಯ ಸಂಸದ ಅಲ್ಲ, ಕೆಳಮನೆಯಲ್ಲಿ ಬಹುಮತದ ಪಕ್ಷದ ನಾಯಕ, ಸ್ಪೀಕರ್ ಬಿಟ್ಟರೆ ಇವರೇ. ಮುಂದಿನ ಸ್ಪೀಕರ್ ಇವರೇ ಅಂತ ಎಲ್ಲರೂ ಅಂದುಕೊಂಡಿದ್ದರು.

2014ರ ಜೂನ್ 10ಕ್ಕೆ ಪ್ರೈಮರಿ ಇತ್ತು. ಪ್ರೈಮರಿ ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆ. ಎದುರಾಳಿ ಟೀ ಪಾರ್ಟಿಯವರ ಬೆಂಬಲ ಇದ್ದ ಡೇವ್ ಬ್ರಾಟ್, ಹತ್ತಿರದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು, ಅಲ್ಲಿಯವರೆಗೆ ಹೆಚ್ಚು ಜನ ಅವರ ಹೆಸರೇ ಕೇಳಿರಲಿಲ್ಲ. ಕ್ಯಾಂಟರ್ ಖರ್ಚು ಮಾಡಿದ್ದು 50 ಲಕ್ಷ ಡಾಲರಿಗಿಂತ ಜಾಸ್ತಿ, ಬ್ರಾಟ್ ಸುಮಾರು 2 ಲಕ್ಷ. ಕ್ಯಾಂಟರ್ ಕಡೆಯವರೇ ಮಾಡಿಸಿದ್ದ ಸಮೀಕ್ಷೆಯಲ್ಲಿ 34 ಅಂಶಗಳ ಮುನ್ನಡೆ ಇತ್ತು. ಫಲಿತಾಂಶ ಬಂದಾಗ ಬ್ರಾಟ್‌ಗೆ ಸುಮಾರು 36 ಸಾವಿರ ವೋಟು, ಕ್ಯಾಂಟರ್‌ಗೆ ಸುಮಾರು 29 ಸಾವಿರ. ಆ ಹುದ್ದೆ ಹುಟ್ಟಿದ್ದು 1899ರಲ್ಲಿ, ಅಲ್ಲಿಂದ ಅದರಲ್ಲಿದ್ದ ಯಾರೂ ಪ್ರೈಮರಿಯಲ್ಲಿ ಸೋತಿರಲಿಲ್ಲ.

ಈಗ ಲೆಕ್ಕ ನೋಡಿ. ಒಂದು ಕ್ಷೇತ್ರದಲ್ಲಿ 7 ಲಕ್ಷಕ್ಕಿಂತ ಜಾಸ್ತಿ ಜನ ಇರುತ್ತಾರೆ. ಅವತ್ತು ಬಂದು ವೋಟ್ ಹಾಕಿದ್ದು ಸುಮಾರು 65 ಸಾವಿರ. ವರ್ಜೀನಿಯಾದಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷ ಬರೆಸಿಕೊಳ್ಳುವ ಪದ್ಧತಿಯೇ ಇಲ್ಲ, ಯಾರು ಬೇಕಾದರೂ ಆ ಪ್ರೈಮರಿಗೆ ಹೋಗಿ ವೋಟ್ ಹಾಕಬಹುದಿತ್ತು. ಹೋಗಲಿಲ್ಲ. ಮಂಗಳವಾರ, ಕೆಲಸದ ದಿನ, ಬಿಸಿಲು. ಹೋದವರು ಯಾರು ಅಂದರೆ ಸಿಟ್ಟಿದ್ದವರು. ಪ್ಯೂ ಸಮೀಕ್ಷೆಗೆ ಫೋನಿನಲ್ಲಿ "ಇಷ್ಟ ಇಲ್ಲ" ಅಂದ ಶೇ. 49 ಜನ ಆ ದಿನ ಮತಗಟ್ಟೆಯ ಹತ್ತಿರ ಎಲ್ಲಿದ್ದರು? ಪಕ್ಷದವರು ಹೆದರಿದ್ದು ದೇಶದ ಅಭಿಪ್ರಾಯಕ್ಕಲ್ಲ ಮೇಷ್ಟ್ರೇ, ಆ 36 ಸಾವಿರಕ್ಕೆ.

ಇದು ನನಗೆ ಸುಮ್ನೆ ಓದಿದ ವಿಷಯ ಅಲ್ಲ. 2013ರ ಜೂನ್ 27ಕ್ಕೆ ಸೆನೆಟ್, ಅಂದರೆ ಮೇಲ್ಮನೆ, 68-32ರಲ್ಲಿ ವಲಸೆ ಮಸೂದೆ ಪಾಸು ಮಾಡಿತ್ತು, ಎರಡೂ ಪಕ್ಷದವರು ಸೇರಿ. ಇಲ್ಲಿ ಕಾಯಂ ಆಗಿ ಇರಲು ಬೇಕಾದ ಉದ್ಯೋಗದ ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ ಶೇ. 7 ಅನ್ನುವ ಮಿತಿ ಇದೆಯಲ್ಲ, ಭಾರತದವರೆಲ್ಲ ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲುವುದು ಅದರಿಂದಲೇ. ಆ ಮಸೂದೆಯಲ್ಲಿ ಅದನ್ನು ತೆಗೆದುಹಾಕಿದ್ದರು. ಕೆಳಮನೆ ಅದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಬ್ರಾಟ್ ಪ್ರಚಾರದ ತುಂಬ ಒಂದೇ ಮಾತು, ಕ್ಯಾಂಟರ್ ಅಕ್ರಮ ವಲಸಿಗರಿಗೆ ಕ್ಷಮೆ ಕೊಡಲು ಹೊರಟಿದ್ದಾರೆ ಅಂತ. ನಿಜ ಹೇಳಬೇಕೆಂದರೆ ಕ್ಯಾಂಟರ್ ಆ ಮಸೂದೆಯ ಪರ ಇರಲೇ ಇಲ್ಲ, ಚಿಕ್ಕವರಿದ್ದಾಗ ಬಂದ ಮಕ್ಕಳ ಬಗ್ಗೆ ಸ್ವಲ್ಪ ಮೃದುವಾಗಿ ಮಾತಾಡಿದ್ದರು ಅಷ್ಟೆ. ಅವರೇ ಸೋತ ಮೇಲೆ ಉಳಿದ ಯಾರು ಮುಂದೆ ಬರುತ್ತಾರೆ? ಮಸೂದೆ ಅಲ್ಲಿಗೆ ಮುಗಿಯಿತು. ನಮ್ಮ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಮ್ಮ ಜಾಗ ಹೇಳುವ ತಾರೀಖು, 2014. ಇನ್ನೂ ಸಾಲಿನಲ್ಲೇ ಇದ್ದೇವೆ. ಮಗಳು ಮೈಸೂರಿನಲ್ಲಿ ಹುಟ್ಟಿದವಳು, ಅವಳಿಗೆ 21 ತುಂಬುವುದರೊಳಗೆ ಬರದಿದ್ದರೆ ಅವಳು ನಮ್ಮ ಅರ್ಜಿಯಿಂದ ಹೊರಗೆ. ನಮಗೆ ಇಲ್ಲಿ ವೋಟೂ ಇಲ್ಲ.

---

ಎಣಿಕೆ ಕೆಲಸದವನು, ಬೆಂಗಳೂರು:

ಅಕ್ಕ ಬರೆದದ್ದು ಓದಿ ಮನಸ್ಸು ಭಾರವಾಯಿತು. ನಿಮ್ಮ ಮಗಳ ಕಾಗದ ಬೇಗ ಬರಲಿ.

ನಾನು ಹಲವು ವರ್ಷ ಸಮೀಕ್ಷೆ ಕೆಲಸ ಮಾಡಿದವನು, ಮನೆ ಮನೆಗೆ ಹೋಗಿ ಫಾರಂ ತುಂಬಿಸುವುದರಿಂದ ಹಿಡಿದು ಲೆಕ್ಕ ಹಾಕುವವರೆಗೆ. ಮೇಷ್ಟ್ರೇ, ಒಂದು ವರ್ಷದ ಅಂಕಿ ಮಾತ್ರ ಬೋರ್ಡ್ ಮೇಲೆ ಬರೆದರೆ ಕತೆ ಅರ್ಧ ಆಗುತ್ತದೆ. ಅದೇ ಪ್ಯೂ ಸಂಸ್ಥೆ 2010ರ ಫೆಬ್ರುವರಿಯಲ್ಲಿ ಕೇಳಿದಾಗ ಇಷ್ಟ ಅಂದವರು ಶೇ. 33, ಇಷ್ಟ ಇಲ್ಲ ಅಂದವರು ಶೇ. 25. ಉಳಿದವರಿಗೆ ಅದೇನು ಅಂತಲೇ ಗೊತ್ತಿರಲಿಲ್ಲ, ಇಲ್ಲವೇ ಅಭಿಪ್ರಾಯ ಇರಲಿಲ್ಲ. ಮೂರೂವರೆ ವರ್ಷದ ನಂತರ 30 ಮತ್ತು 49. ಇದರಲ್ಲಿ ಇಷ್ಟಪಡುವವರ ಸಂಖ್ಯೆ ಹೆಚ್ಚು ಕಡಿಮೆ ಅಲ್ಲೇ ಇದೆ, ನೋಡಿ. ಮೂರು ಅಂಶ ಇಳಿದಿದೆ ಅಷ್ಟೆ. ಬೆಳೆದದ್ದು ವಿರೋಧ, ಅದೂ ಎಲ್ಲಿಂದ ಬಂತು ಅಂದರೆ ಮೊದಲು "ಗೊತ್ತಿಲ್ಲ" ಅಂದಿದ್ದವರ ಕಡೆಯಿಂದ. ಅಂದರೆ ಪರಿಚಯ ಆದಷ್ಟೂ ಹೊರಗಿನವರಿಗೆ ಬೇಡವಾಯಿತು, ಒಳಗಿನವರು ಕದಲಲಿಲ್ಲ.

ಗ್ಯಾಲಪ್ ಅನ್ನುವ ಇನ್ನೊಂದು ಸಮೀಕ್ಷೆ ಸಂಸ್ಥೆಯವರ ಪ್ರಶ್ನೆ ಬೇರೆ. ಅವರು "ನೀವು ಬೆಂಬಲಿಗರಾ, ವಿರೋಧಿಗಳಾ, ಎರಡೂ ಅಲ್ಲವಾ" ಅಂತ ಕೇಳುತ್ತಿದ್ದರು. ಅಲ್ಲಿ 2010ರ ನವೆಂಬರ್‌ನಲ್ಲಿ ಬೆಂಬಲಿಗರು ಶೇ. 32 ಇದ್ದವರು 2015ರ ಅಕ್ಟೋಬರ್ ಹೊತ್ತಿಗೆ ಶೇ. 17ಕ್ಕೆ ಬಂದರು. ಇಷ್ಟ ಅನ್ನುವುದು ಒಂದು, ನಾನು ಅವರ ಕಡೆ ಅನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಗೆರೆಯ ಮೇಲೆ ಇಟ್ಟು ಹೋಲಿಸಬೇಡಿ, ಪತ್ರಿಕೆಗಳು ಬಹಳ ಸಲ ಈ ತಪ್ಪು ಮಾಡುತ್ತವೆ.

ಇನ್ನೊಂದು ಅಂಕಿ ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. 2013ರ ಅಕ್ಟೋಬರ್ 1ರಿಂದ 16 ದಿನ ಅಮೆರಿಕದ ಕೇಂದ್ರ ಸರ್ಕಾರ ಬಾಗಿಲು ಹಾಕಿತ್ತು, ಶಟ್‌ಡೌನ್ ಅನ್ನುತ್ತಾರೆ. ಒಬಾಮಾ ಆರೋಗ್ಯ ಕಾನೂನಿಗೆ ದುಡ್ಡು ನಿಲ್ಲಿಸದೆ ಬಜೆಟ್ ಪಾಸು ಮಾಡುವುದಿಲ್ಲ ಅಂತ ಟೀ ಪಾರ್ಟಿ ಕಡೆಯವರು ಹಟ ಹಿಡಿದರು, ಟೆಕ್ಸಾಸ್‌ನ ಸೆನೆಟರ್ ಟೆಡ್ ಕ್ರೂಜ್ ಮುಂದೆ ನಿಂತರು, 21 ಗಂಟೆ ನಿಂತು ಭಾಷಣ ಮಾಡಿದರು. ಸುಮಾರು 8 ಲಕ್ಷ ನೌಕರರನ್ನು ಮನೆಗೆ ಕಳಿಸಿದರು. ಆ ತಿಂಗಳು ಗ್ಯಾಲಪ್ ಕೇಳಿದಾಗ ರಿಪಬ್ಲಿಕನ್ ಪಕ್ಷ ಇಷ್ಟ ಅಂದವರು ಶೇ. 28, ಅವರು ಕೇಳಲು ಶುರು ಮಾಡಿದಾಗಿನಿಂದ ಅಷ್ಟು ಕೆಳಗೆ ಹೋಗಿರಲಿಲ್ಲ. ಮಧ್ಯಮ ನಿಲುವಿನ ರಿಪಬ್ಲಿಕನ್ನರಲ್ಲಿ ಟೀ ಪಾರ್ಟಿ ಇಷ್ಟ ಅಂದವರು ಪ್ಯೂ ಪ್ರಕಾರ ಜೂನ್‌ನಲ್ಲಿ ಶೇ. 46, ಅಕ್ಟೋಬರ್‌ನಲ್ಲಿ ಶೇ. 27. ಆದರೆ ಅದೇ ಸಮೀಕ್ಷೆಯಲ್ಲಿ ಟೀ ಪಾರ್ಟಿ ಜೊತೆಗಿದ್ದ ರಿಪಬ್ಲಿಕನ್ನರಲ್ಲಿ ಕ್ರೂಜ್ ಇಷ್ಟ ಅನ್ನುವವರು ಜುಲೈನ ಶೇ. 47ರಿಂದ ಶೇ. 74ಕ್ಕೆ ಏರಿದ್ದರು.

ಒಂದೇ ಕೆಲಸ. ದೇಶ ಸಿಟ್ಟಾಯಿತು, ಪಕ್ಷದ ಮಧ್ಯಮ ನಿಲುವಿನ ಬಹಳ ಜನ ದೂರ ಸರಿದರು, ಪ್ರೈಮರಿಗೆ ತಪ್ಪದೆ ಬರುವವರು ಮಾತ್ರ ಭುಜದ ಮೇಲೆ ಹೊತ್ತುಕೊಂಡರು. ಕ್ರೂಜ್ ಜಾಗದಲ್ಲಿ ಇನ್ಯಾರಿದ್ದರೂ ಯಾವ ಅಂಕಿ ನೋಡುತ್ತಿದ್ದರು ಹೇಳಿ.

---

ಗ್ರೀನ್‌ವಿಲ್ ಕನ್ನಡಿಗ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ದಕ್ಷಿಣ ಕೆರೊಲೈನಾದಲ್ಲಿ 2006ರಿಂದ ಇದ್ದೇನೆ. ಇಲ್ಲಿ ಟೀ ಪಾರ್ಟಿ ಅಂದರೆ ಪಕ್ಕದ ಮನೆಯವರು. ನನ್ನ ನೆರೆಯ ಅಜ್ಜ ಬಟ್ಟೆ ಮಿಲ್ಲಿನಲ್ಲಿ ದುಡಿದು ನಿವೃತ್ತಿ ಆದವರು. 2008ರಲ್ಲಿ ಶೇರುಪೇಟೆ ಬಿದ್ದಾಗ ಅವರ ಉಳಿತಾಯದಲ್ಲಿ ಹೆಚ್ಚು ಕಡಿಮೆ ಅರ್ಧ ಹೋಯಿತು. ಅದೇ ಅಕ್ಟೋಬರ್‌ನಲ್ಲಿ ಬ್ಯಾಂಕುಗಳನ್ನು ಉಳಿಸಲು 70 ಸಾವಿರ ಕೋಟಿ ಡಾಲರ್ ಮಂಜೂರು ಮಾಡಿದರು. ಮಾಡಿದ್ದು ಒಬಾಮಾ ಅಲ್ಲ, ಸಹಿ ಹಾಕಿದ್ದು ಬುಷ್. ಅಂದರೆ ಸಿಟ್ಟು ಮೊದಲು ಹುಟ್ಟಿದ್ದು ಸ್ವಂತ ಪಕ್ಷದ ಮೇಲೆ. ಆಮೇಲೆ 2009ರ ಫೆಬ್ರುವರಿ 17ಕ್ಕೆ ಒಬಾಮಾ 78,700 ಕೋಟಿ ಡಾಲರಿನ ಯೋಜನೆಗೆ ಸಹಿ ಹಾಕಿದರು. ಎರಡೇ ದಿನಕ್ಕೆ ಸಿಎನ್‌ಬಿಸಿಯ ರಿಕ್ ಸ್ಯಾಂಟೆಲಿ ಶಿಕಾಗೋದ ಮಾರುಕಟ್ಟೆಯಲ್ಲಿ ನಿಂತು, ಪಕ್ಕದ ಮನೆಯವನ ಸಾಲ ನಾವು ಯಾಕೆ ಕಟ್ಟಬೇಕು ಅಂತ ಟಿವಿಯಲ್ಲಿ ಕೂಗಾಡಿದರು. ಏಪ್ರಿಲ್ 15, ಇಲ್ಲಿ ತೆರಿಗೆ ಕಟ್ಟುವ ಕೊನೆ ದಿನ, ಊರೂರಿನಲ್ಲಿ ಸಭೆಗಳಾದವು. ನನ್ನ ನೆರೆಯ ಅಜ್ಜನೂ ಮಡಚುವ ಕುರ್ಚಿ ತೆಗೆದುಕೊಂಡು ಹೋಗಿದ್ದರು.

ದೊಡ್ಡ ಶ್ರೀಮಂತರ ದುಡ್ಡು ಹಿಂದೆ ಇತ್ತು ಅಂತ ಹೇಳುತ್ತಾರೆ. ಇತ್ತು. ಕೋಕ್ ಸಹೋದರರ ಬೆಂಬಲದ ಸಂಸ್ಥೆಗಳು ಬಸ್ಸು, ತರಬೇತಿ, ಜಾಹೀರಾತು ಎಲ್ಲ ನೋಡಿಕೊಂಡವು. ಆದರೆ ಆ ಕುರ್ಚಿ ತೆಗೆದುಕೊಂಡು ಹೋಗು ಅಂತ ನನ್ನ ನೆರೆಯ ಅಜ್ಜನಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ, ಅದನ್ನೂ ಹೇಳಬೇಕು ಅಲ್ವಾ.

ನನಗೆ ಒಪ್ಪಿಗೆ ಆಗದ ಸಂಗತಿಗಳೂ ಇದ್ದವು. ಕೆಲವು ಸಭೆಗಳಲ್ಲಿ ಒಬಾಮಾ ಬಗ್ಗೆ ಹಿಡಿದಿದ್ದ ಫಲಕಗಳನ್ನು ಮಕ್ಕಳಿಗೆ ತೋರಿಸಲು ಆಗುತ್ತಿರಲಿಲ್ಲ. ಅವರು ಅಮೆರಿಕದಲ್ಲಿ ಹುಟ್ಟೇ ಇಲ್ಲ ಅನ್ನುವ ಸುಳ್ಳನ್ನು ನಂಬಿದವರು ಬಹಳ ಜನ ಇದ್ದರು. ನನ್ನಂಥ ಬಣ್ಣದವನಿಗೆ ಅದು ಚುಚ್ಚುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಕಡೆ ಇದೇ ಜನ 2010ರಲ್ಲಿ ಪಂಜಾಬಿ ಮನೆತನದ ನಿಕ್ಕಿ ಹೇಲಿಯನ್ನು ನಮ್ಮ ರಾಜ್ಯದ ಗವರ್ನರ್ ಮಾಡಿದರು. ಎರಡೂ ನಿಜ.

ನಮ್ಮ ಸಂಸದ ಬಾಬ್ ಇಂಗ್ಲಿಸ್ ಕತೆ ಮೇಷ್ಟ್ರು ಪಾಠಕ್ಕೆ ತೆಗೆದುಕೊಳ್ಳಬೇಕು. ಕಟ್ಟಾ ಸಂಪ್ರದಾಯವಾದಿ. ಆದರೆ ಬ್ಯಾಂಕ್ ಉಳಿಸುವ ಮಸೂದೆಗೆ ಹೌದು ಅಂದಿದ್ದರು, ಹವಾಮಾನ ಬದಲಾವಣೆ ನಿಜ ಅಂದಿದ್ದರು. 2009ರಲ್ಲಿ ಒಂದು ಸಭೆಯಲ್ಲಿ ಒಬ್ಬ ವ್ಯಕ್ತಿ ಎದ್ದು, ನನ್ನ ಮೆಡಿಕೇರ್ ತಂಟೆಗೆ ಸರ್ಕಾರ ಬರಬಾರದು ಅಂದನಂತೆ. ಮೆಡಿಕೇರ್ ಅಂದರೆ 65 ದಾಟಿದವರಿಗೆ ಸರ್ಕಾರವೇ ಕೊಡುವ ಆರೋಗ್ಯ ವಿಮೆ. ಇಂಗ್ಲಿಸ್ ಎಷ್ಟು ತಾಳ್ಮೆಯಿಂದ ವಿವರಿಸಿದರೂ ಅವನು ಒಪ್ಪಲಿಲ್ಲವಂತೆ. ಈ ಮಾತನ್ನು ಎಲ್ಲರೂ ಅವನ ದಡ್ಡತನ ಅಂತ ಹೇಳಿಕೊಂಡು ತಿರುಗಿದರು. ನನ್ನ ನೆರೆಯ ಅಜ್ಜನ ಜೊತೆ ಕೂತು ಮಾತಾಡಿದ್ದರೆ ಅರ್ಥ ಆಗುತ್ತಿತ್ತು. ಅವರ ಲೆಕ್ಕದಲ್ಲಿ ಮೆಡಿಕೇರ್ ಅನ್ನುವುದು ಸರ್ಕಾರದ ಕೊಡುಗೆಯೇ ಅಲ್ಲ, 40 ವರ್ಷ ಸಂಬಳದಲ್ಲಿ ಹಿಡಿದುಕೊಟ್ಟ ಸ್ವಂತ ದುಡ್ಡು. ಬೇರೆಯವರು ದುಡಿಯದೆ ಪಡೆಯುತ್ತಾರೆ ಅಂದುಕೊಂಡದ್ದು ಮಾತ್ರ "ಸರ್ಕಾರದ ಖರ್ಚು". ಅದು ತಪ್ಪು ಲೆಕ್ಕ ಇರಬಹುದು, ಆದರೆ ಅವರ ಮನಸ್ಸಿನಲ್ಲಿ ಇದ್ದದ್ದು ಅದು. 2010ರ ಜೂನ್‌ನಲ್ಲಿ ನಡೆದ ಎರಡನೇ ಸುತ್ತಿನ ಪ್ರೈಮರಿಯಲ್ಲಿ ಇಂಗ್ಲಿಸ್‌ಗೆ ಬಂದದ್ದು ಶೇ. 29. ಟ್ರೇ ಗೌಡಿ ಗೆದ್ದರು.

ಸಮೀಕ್ಷೆಯವರೇ, 2010ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಬಿಎಸ್ ಸೇರಿ ಮಾಡಿದ ಸಮೀಕ್ಷೆ ನೀವು ಬಿಟ್ಟಿರಿ. ಬೆಂಬಲಿಗರು ಅಂತ ಹೇಳಿಕೊಂಡವರು ಶೇ. 18, ಅವರಲ್ಲಿ ಹೆಚ್ಚಿನವರು 45 ದಾಟಿದ ಬಿಳಿಯರು, ಉಳಿದ ಜನರಿಗಿಂತ ಓದು ಮತ್ತು ದುಡ್ಡು ಎರಡೂ ಜಾಸ್ತಿ ಇದ್ದವರು. ಬೀದಿಯಲ್ಲಿ ಕೂಗುವವರನ್ನು ಕಂಡು ಬಡವರು, ಓದದವರು ಅಂದುಕೊಳ್ಳುವುದು ಸುಲಭ. ಅವರು ಹಾಗಿರಲಿಲ್ಲ.

---

ಎಣಿಕೆ ಕೆಲಸದವನು, ಬೆಂಗಳೂರು:

ನೀವು ಹೇಳಿದ್ದು ಸರಿ, ಆ ಸಮೀಕ್ಷೆ ಬಿಡಬಾರದಿತ್ತು. ಅದರಲ್ಲೇ ಇನ್ನೊಂದು ಸಂಗತಿ ಇದೆ. ದುಡ್ಡು ಕೊಟ್ಟವರು ಇಲ್ಲವೇ ಸಭೆಗೆ ಹೋದವರು ದೇಶದ ಶೇ. 4 ಮಾತ್ರ. ನಿಮ್ಮ ನೆರೆಯ ಅಜ್ಜ ಆ ನಾಲ್ಕರಲ್ಲಿ ಒಬ್ಬರು.

---

ಶಿರಸಿ ಹೆಗಡೆ ಮನೆ:

ನಮ್ಮಲ್ಲಿ ಈ ಪ್ರೈಮರಿ ಇಲ್ಲವಲ್ಲ, ಅದಕ್ಕೇ ಅರ್ಥ ಮಾಡಿಕೊಳ್ಳುವುದು ಕಷ್ಟ. ಇಲ್ಲಿ ಬಿ ಫಾರಂ ಯಾರಿಗೆ ಅಂತ ದೆಹಲಿಯಲ್ಲಿ ತೀರ್ಮಾನ ಆಗುತ್ತದೆ. ಹಟಮಾರಿಯನ್ನು ಹೈಕಮಾಂಡ್ ಒಂದೇ ದಿನದಲ್ಲಿ ಕೂರಿಸಬಹುದು. ಅಮೆರಿಕದಲ್ಲಿ ಸ್ಪೀಕರ್‌ಗೂ ಆ ಶಕ್ತಿ ಇಲ್ಲ. ಮೇಷ್ಟ್ರು ವಿದ್ಯಾರ್ಥಿಗಳಿಗೆ ಮೊದಲು ಈ ವ್ಯತ್ಯಾಸ ಹೇಳಿ, ಆಮೇಲೆ ಉಳಿದದ್ದು ತಾನಾಗಿ ಅರ್ಥ ಆಗುತ್ತದೆ.

---

ಹಾಸನದ ಮೇಷ್ಟ್ರು:

ಎಲ್ಲರಿಗೂ ತುಂಬ ಧನ್ಯವಾದ. ಬಿ ಫಾರಂ ಮಾತು ಚೆನ್ನಾಗಿದೆ, ಅಲ್ಲಿಂದಲೇ ಪಾಠ ಶುರು ಮಾಡುತ್ತೇನೆ. ಆದರೆ ಒಂದು ಸಂಶಯ ಉಳಿಯಿತು. ಪ್ರೈಮರಿ ಗೆದ್ದರೂ ಕೊನೆಗೆ ಎಲ್ಲರೂ ವೋಟ್ ಹಾಕುವ ಚುನಾವಣೆ ಇದ್ದೇ ಇದೆಯಲ್ಲ. ಅಲ್ಲಿ ಆ ಶೇ. 49 ಜನ ಪಾಠ ಕಲಿಸಲಿಲ್ಲವೇ?

---

ಎಣಿಕೆ ಕೆಲಸದವನು, ಬೆಂಗಳೂರು:

ಕೆಲವು ಕಡೆ ಕಲಿಸಿದರು. 2010ರಲ್ಲಿ ಡೆಲವೇರ್‌ನಲ್ಲಿ ಮೈಕ್ ಕ್ಯಾಸಲ್ ಅನ್ನುವ ಹಳೆಯ ರಿಪಬ್ಲಿಕನ್, ಗೆಲ್ಲುವುದು ಖಚಿತ ಅನ್ನುವಂತಿದ್ದವರು, ಪ್ರೈಮರಿಯಲ್ಲಿ ಟೀ ಪಾರ್ಟಿಯ ಕ್ರಿಸ್ಟಿನ್ ಓ'ಡೊನೆಲ್ ಎದುರು ಸೋತರು. ಆಕೆ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ರಿಸ್ ಕೂನ್ಸ್ ಎದುರು ದೊಡ್ಡ ಅಂತರದಿಂದ ಸೋತರು. 2012ರಲ್ಲಿ ಇಂಡಿಯಾನಾದಲ್ಲೂ ಹಾಗೇ, 36 ವರ್ಷ ಸೆನೆಟರ್ ಆಗಿದ್ದ ರಿಚರ್ಡ್ ಲೂಗರ್ ಅವರನ್ನು ಪ್ರೈಮರಿಯಲ್ಲಿ ಕೆಳಗಿಳಿಸಿದರು, ಕೊನೆಗೆ ಸೀಟು ಡೆಮಾಕ್ರಟರಿಗೆ ಹೋಯಿತು. ಆದರೆ ಒಟ್ಟು ನೋಡಿದರೆ 2010ರಲ್ಲಿ ರಿಪಬ್ಲಿಕನ್ನರು ಕೆಳಮನೆಯಲ್ಲಿ 63 ಸೀಟು ಜಾಸ್ತಿ ಗೆದ್ದರು. ಶಟ್‌ಡೌನ್ ಆಗಿ ಒಂದು ವರ್ಷಕ್ಕೆ, 2014ರಲ್ಲಿ, ಸೆನೆಟ್ ಕೂಡ ಅವರದಾಯಿತು. ಆ ಸಲ ವೋಟ್ ಹಾಕಿದ್ದು ಅರ್ಹರಲ್ಲಿ ಸುಮಾರು ಶೇ. 36. ಎರಡನೇ ಮಹಾಯುದ್ಧದ ಕಾಲದಿಂದ ಈಚೆಗೆ ಅಷ್ಟು ಕಡಿಮೆ ಆಗಿರಲಿಲ್ಲ. ಅದಲ್ಲದೆ ಹೆಚ್ಚಿನ ಕ್ಷೇತ್ರಗಳ ಗಡಿಯೇ ಒಂದು ಪಕ್ಷಕ್ಕೆ ಭದ್ರ ಆಗುವ ಹಾಗೆ ಇರುತ್ತದೆ. ಅಂಥ ಕಡೆ ಪ್ರೈಮರಿ ಗೆದ್ದರೆ ಮುಗಿಯಿತು, ನವೆಂಬರ್ ಬರೀ ಶಾಸ್ತ್ರಕ್ಕೆ.

ಒಂದು ಉಲ್ಟಾ ಉದಾಹರಣೆಯೂ ಇದೆ, ನನಗೆ ಬಹಳ ಇಷ್ಟವಾದದ್ದು. ಕ್ಯಾಂಟರ್ ಸೋತು ಎರಡು ವಾರಕ್ಕೆ ಮಿಸಿಸಿಪ್ಪಿಯಲ್ಲಿ ಎರಡನೇ ಸುತ್ತಿನ ಪ್ರೈಮರಿ. ಹಿರಿಯ ಸೆನೆಟರ್ ಥ್ಯಾಡ್ ಕಾಕ್ರನ್ ಮೊದಲ ಸುತ್ತಿನಲ್ಲಿ ಟೀ ಪಾರ್ಟಿಯ ಕ್ರಿಸ್ ಮೆಕ್‌ಡೇನಿಯಲ್‌ಗಿಂತ ಸ್ವಲ್ಪ ಹಿಂದೆ ಇದ್ದರು. ಅಲ್ಲೂ ಪಕ್ಷ ಬರೆಸಿಕೊಳ್ಳುವ ಪದ್ಧತಿ ಇಲ್ಲ. ಕಾಕ್ರನ್ ಕಡೆಯವರು ಕಪ್ಪು ಜನರ ಬಡಾವಣೆಗಳಿಗೆ ಹೋಗಿ, ನೀವು ಡೆಮಾಕ್ರಟರಿರಬಹುದು, ಆದರೂ ಬಂದು ಈ ಪ್ರೈಮರಿಯಲ್ಲಿ ವೋಟ್ ಹಾಕಿ ಅಂತ ಕೇಳಿಕೊಂಡರು. ಜನ ಬಂದರು. ಮೊದಲ ಸುತ್ತಿಗಿಂತ ಸುಮಾರು 60 ಸಾವಿರ ಜಾಸ್ತಿ ವೋಟು ಬಿತ್ತು, ಕಾಕ್ರನ್ ಎಂಟು ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು.

---

ಮೈಸೂರು ಟು ರಿಚ್ಮಂಡ್:

ನಮ್ಮ ಕ್ಷೇತ್ರದಲ್ಲಿ ಮುಂದೆ ಏನಾಯಿತು ಅಂತಲೂ ಹೇಳುತ್ತೇನೆ ಮೇಷ್ಟ್ರೇ. 2017ರ ಮೇ ತಿಂಗಳಲ್ಲಿ ಒಬಾಮಾ ಆರೋಗ್ಯ ಕಾನೂನು ತೆಗೆಯುವ ಮಸೂದೆ ಕೆಳಮನೆಯಲ್ಲಿ 217-213ರಲ್ಲಿ ಪಾಸಾಯಿತು. ಬ್ರಾಟ್ ಅದಕ್ಕೆ ಹೌದು ಅಂದರು. ನಮ್ಮ ಬೀದಿಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗಿ ಗುಣವಾಗಿತ್ತು, ಮೊದಲೇ ಕಾಯಿಲೆ ಇದ್ದವರಿಗೆ ವಿಮೆ ದುಬಾರಿ ಆಗಿಬಿಡುತ್ತದೆ ಅಂತ ಅವರು ನಿದ್ದೆ ಬಿಟ್ಟಿದ್ದರು. ಜೀವನದಲ್ಲಿ ಒಂದು ಸಭೆಗೂ ಹೋಗದ ಹೆಂಗಸರು ಆ ವರ್ಷ ಬ್ರಾಟ್ ಕರೆದ ಸಭೆಗಳಿಗೆ ಹೋಗಿ ನಿಂತು ಪ್ರಶ್ನೆ ಕೇಳಿದರು. ಆಮೇಲೆ ಮನೆ ಮನೆ ಬಾಗಿಲು ತಟ್ಟಲು ಶುರು ಮಾಡಿದರು. ವೋಟ್ ಇಲ್ಲದಿದ್ದರೂ ನಾನು ಅವರ ಜೊತೆ ಚಿತ್ರಾನ್ನ ಡಬ್ಬಿ ಹಿಡಿದುಕೊಂಡು ಎಷ್ಟೋ ಶನಿವಾರ ಹೋಗಿದ್ದೇನೆ, ಹಸಿವಾದಾಗ ಕಾರಿನಲ್ಲೇ ಕೂತು ತಿಂದಿದ್ದೇವೆ.

2018ರ ನವೆಂಬರ್‌ನಲ್ಲಿ ಇದೇ ಕ್ಷೇತ್ರದಲ್ಲಿ ಬ್ರಾಟ್ ಅವರು ಡೆಮಾಕ್ರಟಿಕ್ ಪಕ್ಷದ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಎದುರು ಸೋತರು. ಅಂತರ 7 ಸಾವಿರ ವೋಟೂ ಇರಲಿಲ್ಲ. ಅವತ್ತು ವೋಟ್ ಹಾಕಿದವರು ಮೂರು ಲಕ್ಷಕ್ಕಿಂತ ಜಾಸ್ತಿ. ಸೋಮವಾರ ಆ ಹುಡುಗಿಗೆ 65 ಸಾವಿರ ಮತ್ತು ಮೂರು ಲಕ್ಷ, ಈ ಎರಡು ಸಂಖ್ಯೆ ಅಕ್ಕಪಕ್ಕ ಬರೆದು ತೋರಿಸಿ.

---

ಹಾಸನದ ಮೇಷ್ಟ್ರು:

ಖಂಡಿತ ಬರೆಯುತ್ತೇನಮ್ಮ. ಅವಳು ಏನು ಹೇಳಿದಳು ಅಂತ ಬಂದು ತಿಳಿಸುತ್ತೇನೆ.